ಎರಡು ಸೀಸೆ ರಕ್ತ

ಎರಡೂ ಹಸುಗಳಿಗೆ ರೋಗ ಇದೆ ಎಂದು ಪ್ರಯೋಗಾಲಯದ ಹೆಂಗಸು ಫೋನಿನಲ್ಲಿ ಹೇಳಿದಾಗ ದನದ ಡಾಕ್ಟರನ ಬಾಯಿ ತುಂಬ ಪೇಸ್ಟಿನ ನೊರೆಯಿತ್ತು. ಹಾಗಾಗಿ ಅವನು ‘ಹ್ಞೂಂ’ ಎಂದಷ್ಟೇ ಅಂದ. ಆಕೆ ಅವನ ದೊಡ್ಡಮ್ಮನ ಮನೆಯ ಗುರುತು ಹೇಳಿ, ಒಂದು ದೊಡ್ಡದು, ಒಂದು ಚಿಕ್ಕದು, ಚಿಕ್ಕದು ಗಬ್ಬ, ಸರಿಯಷ್ಟೇ ಎಂದು ಕೇಳಿದಳು. ಅದಕ್ಕೂ ‘ಹ್ಞೂಂ’. ಹಾಗಾದರೆ ಹಾಲಿನ ಸಂಘದವರಿಗೂ ರೋಗದ ದನ ಒಯ್ಯುವ ಲಾರಿಯವನಿಗೂ ನಾನೇ ತಿಳಿಸಿಬಿಡುತ್ತೇನೆ, ನಿಮಗೊಂದು ಕೆಲಸ ಕಡಿಮೆಯಾಗುತ್ತದೆ ಎಂದಳು. ಮತ್ತೆ ‘ಹ್ಞೂಂ’. ಬಾಯಿ ಮುಕ್ಕಳಿಸಿ ಉಗುಳುವಷ್ಟರಲ್ಲಿ ಆಕೆ ಫೋನು ಇಟ್ಟಾಗಿತ್ತು. ಮತ್ತೆ ಮಾಡಿದರೆ ಆಯಿತು, ಸ್ವಲ್ಪ ತಡೆಯಿರಿ ಎಂದರೆ ಆಯಿತು ಎಂದುಕೊಳ್ಳುತ್ತ ಅವನು ಕನ್ನಡಿಯ ಮುಂದೆ ನಿಂತೇ ಇದ್ದ. ಎರಡು ಸೀಸೆಯಲ್ಲೂ ಇದ್ದದ್ದು ಒಂದೇ ಹಸುವಿನ ರಕ್ತ. ಅದು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಳು ದೊಡ್ಡಮ್ಮ, ಒಂದೇ ಹಸುವನ್ನು ಎರಡು ಸಲ ಹಿಡಿದು ನಿಲ್ಲಿಸಿದವಳು. ಇನ್ನೊಬ್ಬ ಅವನು, ನೋಡಿಯೂ ನೋಡದ ಹಾಗೆ ಸೂಜಿ ಚುಚ್ಚಿದವನು. ಅವನಿಗೆ ಗೊತ್ತಿದೆ ಎಂಬುದು ದೊಡ್ಡಮ್ಮನಿಗೆ ಗೊತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ರಕ್ತ ತೆಗೆದ ಆ ದಿನ ದೊಡ್ಡಮ್ಮ ಅವನನ್ನು ಕೊಟ್ಟಿಗೆಯೊಳಗೆ ಬಿಟ್ಟಿರಲಿಲ್ಲ. ಬಿಡಬಾರದು ಎಂದು ಮನೆಮನೆಗೂ ಹೇಳಿ ಬಂದವನೂ ಅವನೇ. ಒಂದು ಮನೆಯ ಸೆಗಣಿ ಇನ್ನೊಂದು ಮನೆಯ ಕರುವಿನ ಬಾಯಿಗೆ ಹೋಗುವುದು ಹೊರಗಿನವರ ಬೂಟಿನಿಂದ, ನನ್ನ ಬೂಟಾದರೂ ಅಷ್ಟೇ ಎಂದು ಹೇಳಿದ್ದ. ಅದಕ್ಕೇ ಎಲ್ಲರೂ ದನಗಳನ್ನು ಒಂದೊಂದಾಗಿ ಅಂಗಳಕ್ಕೆ ಹೊಡೆದುಕೊಂಡು ಬರುತ್ತಿದ್ದರು. ಅವನು ಅಲ್ಲೇ ನಿಂತು ಬಾಲ ಎತ್ತಿ ರಕ್ತ ತೆಗೆಯುತ್ತಿದ್ದ. ದೊಡ್ಡಮ್ಮನದು ಎರಡೇ ಹಸು, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ ತಂಗಿ, ಎರಡೂ ಇದ್ದಿಲಿನ ಕಪ್ಪು. ದೊಡ್ಡವಳು, ಚಿಕ್ಕವಳು ಎಂದೇ ಅವಕ್ಕೆ ಹೆಸರು. ಮೊದಲು ದೊಡ್ಡವಳನ್ನು ತಂದಳು, ಆಯಿತು, ಒಳಗೆ ಹೊಡೆದುಕೊಂಡು ಹೋದಳು. ಆಮೇಲೆ ಸ್ವಲ್ಪ ಹೊತ್ತು ಬರಲೇ ಇಲ್ಲ. ಬಂದಾಗ ಹಸುವಿನ ತಲೆಗೆ ಕಿವಿ ಮುಚ್ಚುವ ಹಾಗೆ ಗೋಣಿಚೀಲ ಇಳಿಬಿಟ್ಟಿದ್ದಳು. ಚಿಕ್ಕವಳಿಗೆ ಸೂಜಿ ಅಂದರೆ ಹೆದರಿಕೆ, ಹೋದ ಸಲ ಯಾರೋ ಸೂಜಿ ಹಾಕಿದ ಮೇಲೆ ಕಂದು ಹಾಕಿಬಿಟ್ಟಳಲ್ಲ, ಈ ಸಲವಾದರೂ ಕರು ಉಳಿಯಲಿ ಎಂದಳು. ಅದು ನಿಜವೇ, ಹೋದ ಸಲ ಕಂದು ಹಾಕಿತ್ತು. ಚಿಕ್ಕವಳ ಗಬ್ಬ ಆಗಿನ್ನೂ ಅಷ್ಟು ಎದ್ದು ಕಾಣುತ್ತಿರಲಿಲ್ಲ, ದೊಡ್ಡವಳ ಹೊಟ್ಟೆಯೋ ಗಬ್ಬವಿಲ್ಲದೆಯೂ ಡೋಲಿನ ಹಾಗಿತ್ತು. ಅವನು ಬಾಲ ಎತ್ತಿದ. ಬಾಲದ ಅಡಿಯಲ್ಲಿ, ಎರಡು ಗೆಣ್ಣಿನ ನಡುವೆ, ಸಾಸಿವೆ ಕಾಳಿನಷ್ಟು ರಕ್ತ, ಇನ್ನೂ ಹಸಿ. ತಾನೇ ಆಗಷ್ಟೇ ಮಾಡಿದ ತೂತು. ದೊಡ್ಡಮ್ಮ ಹಸುವಿನ ಕೊರಳು ತಬ್ಬಿಕೊಂಡು ಅವನ ಕಡೆ ನೋಡದೆ ಆಕಾಶ ನೋಡುತ್ತಿದ್ದಳು. ಅವಳ ಮಗ ಕಂಬಕ್ಕೆ ಒರಗಿ ಯಾರ ಹತ್ತಿರವೋ ಫೋನಿನಲ್ಲಿ ನಗುತ್ತಿದ್ದ. ಬೇಲಿಯಾಚೆ ಅಕ್ಕಪಕ್ಕದವರು. ‘ದೊಡ್ಡಮ್ಮ, ಇದು ಮೊದಲಿನದೇ’ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ಆ ವಯಸ್ಸಿನ ಹೆಂಗಸನ್ನು ಬೇಲಿಯಾಚೆಯವರ ಮುಂದೆ ಕಳ್ಳಿ ಮಾಡುವುದೇ ಎಂದು ನಾಲಿಗೆ ಹಿಂದಕ್ಕೆ ಹೋಯಿತು. ಬಿಸಿಲಿತ್ತು. ಇನ್ನೂ ಮನೆಗಳಿದ್ದವು. ಇಷ್ಟು ಗುಂಡಗಿರುವ ಹಸುವಿಗೆ ಏನು ರೋಗ, ಎರಡೂ ಸೀಸೆ ಚೊಕ್ಕವಾಗಿಯೇ ಬರುತ್ತವೆ, ಚಿಕ್ಕವಳು ಈದ ಮೇಲೆ ನೋಡಿದರಾಯಿತು, ಹಾವೂ ಸಾಯದು ಕೋಲೂ ಮುರಿಯದು ಎಂದು ಲೆಕ್ಕ ಹಾಕಿದ. ಇದನ್ನೆಲ್ಲ ಅವನು ತನಗೆ ತಾನೇ ಎಷ್ಟೋ ಸಲ ಒಪ್ಪಿಸಿಕೊಂಡಿದ್ದಾನೆ, ಒಪ್ಪಿಗೆಯೂ ಆಗಿದೆ. ಒಪ್ಪಿಗೆಯಾಗದ್ದು ಒಂದೇ: ಆ ಸಾಸಿವೆ ಕಾಳನ್ನು ಅವನು ಹೆಬ್ಬೆರಳಿನಿಂದ ಒರೆಸಿದ್ದ. ಬೇರೆ ಯಾರೂ ನೋಡದಿರಲಿ ಎಂದು ಒರೆಸಿ, ಅದರ ಕೆಳಗಿನ ಗೆಣ್ಣಿನಲ್ಲಿ ಚುಚ್ಚಿದ್ದ.

ಹೆಂಡತಿ ತಿಂಡಿಗೆ ಕರೆದಳು. ಹಸಿವಿಲ್ಲ ಎಂದ. ದನಗಳ ಹೊಟ್ಟೆ ಕೆಟ್ಟರೆ ನಿಮ್ಮ ಹೊಟ್ಟೆ ಯಾಕೆ ಕೆಡಬೇಕು ಎಂದು ಅವಳು ನಕ್ಕಳು, ನಗುತ್ತಲೇ ಅವನ ನಿನ್ನೆಯ ಪ್ಯಾಂಟನ್ನು ಕೋಲಿನ ತುದಿಯಿಂದ ಎತ್ತಿ ಬೇರೆ ಬಕೆಟ್ಟಿಗೆ ಹಾಕಿದಳು. ಈ ಕೆಲಸ ಶುರುವಾದ ಮೇಲೆ ಅವನ ಬಟ್ಟೆಗೆ ಬೇರೆ ಬಕೆಟ್ಟು, ಬೂಟಿಗೆ ಹಿತ್ತಿಲು, ಊರಿನಲ್ಲಿ ಸೆಗಣಿ ಡಾಕ್ಟರ್ ಎಂಬ ಹೆಸರು. ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಹೇಳಿದರೆ ಅವಳು ಸೀದಾ ಕೇಳುತ್ತಾಳೆ: ಇನ್ನೊಂದು ಸಲ ರಕ್ತ ತೆಗೆಯುವುದಕ್ಕೆ ನಿಮಗೇನು ಧಾಡಿ? ಅದಕ್ಕೆ ಉತ್ತರ ಇತ್ತು, ಅದೇ ಕಷ್ಟ. ಎರಡನೇ ಸಲ ತೆಗೆಯುವುದಿಲ್ಲ ಎಂದು ಇಡೀ ಊರಿನ ಮುಂದೆ ಹೇಳಿದವನು ಅವನೇ. ಹಾಲಿನ ಸಂಘದ ಹಜಾರದಲ್ಲಿ ನಿಂತು, ಇದು ಕರುಳಿನ ರೋಗ, ಹಸುವಾಗಲಿ ಎಮ್ಮೆಯಾಗಲಿ ಕುರಿ ಮೇಕೆಯಾಗಲಿ, ಮೆಲುಕು ಹಾಕುವ ಯಾವುದನ್ನೂ ಬಿಡುವುದಿಲ್ಲ ಎಂದು ವಿವರಿಸಿದ್ದ. ಕರುವಾಗಿದ್ದಾಗ ಸೆಗಣಿಯಿಂದಲೋ ಹಾಲಿನಿಂದಲೋ ಹೊಟ್ಟೆಗೆ ಹೋಗಿ ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತದೆ. ಒಂದು ದಿನ ಕರುಳು ದಪ್ಪಗಾಗಿ, ತಿಂದದ್ದೆಲ್ಲ ನೀರಾಗಿ ಹೋಗಿ, ಹಸು ಬಾಯಿ ತುಂಬ ಮೇಯುತ್ತಲೇ ಮೂಳೆಯಾಗುತ್ತದೆ. ಅದು ಕಣ್ಣಿಗೆ ಕಾಣುವ ಹೊತ್ತಿಗೆ ತನ್ನ ಕರುಗಳಿಗೂ ಪಕ್ಕದ ಕರುಗಳಿಗೂ ಹಂಚಿ ಆಗಿರುತ್ತದೆ. ಔಷಧಿ ಇಲ್ಲ. ರೋಗ ಇರುವುದನ್ನು ಹುಡುಕಿ, ಲಾರಿಯಲ್ಲಿ ಸಾಗಿಸಿ ಕೊಲ್ಲಬೇಕು, ಹುಟ್ಟಿದ ಕರುವನ್ನು ಚೊಕ್ಕವಾದ ಹಸುವಿನ ಗಿಣ್ಣು ಕುಡಿಸಿ ಬೇರೆ ಸಾಕಬೇಕು, ಅಷ್ಟೇ. ಒಬ್ಬರಿಗೆ ಎರಡನೇ ಸಲ ನೋಡಿದರೆ ಎಲ್ಲರೂ ನನ್ನದೂ ನೋಡಿ ಎನ್ನುತ್ತಾರೆ, ನೋಡುತ್ತ ಕೂತರೆ ರೋಗ ಊರು ತಿನ್ನುತ್ತದೆ ಎಂದಿದ್ದ. ಚಪ್ಪಾಳೆ ತಟ್ಟಿದ್ದರು. ಅವನು ಮಾತಾಡಿದ್ದಕ್ಕೆ ಜನ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ದೊಡ್ಡಮ್ಮನ ಮನೆಗೆ ಹೋಗುವ ದಾರಿಯಲ್ಲೇ ಸೈಕಲ್ ರಿಪೇರಿಯವನ ಅಂಗಡಿ. ಅವನಿಗಿದ್ದದ್ದು ಒಂದೇ ಹಸು. ಫಲಿತಾಂಶ ಬಂದ ದಿನ ಅವನು ಗ್ರೀಸು ಮೆತ್ತಿದ ಕೈಗಳನ್ನು ಹೇಗೆ ಜೋಡಿಸಬೇಕೆಂದು ತಿಳಿಯದೆ ಹೆಬ್ಬೆರಳುಗಳನ್ನಷ್ಟೇ ಜೋಡಿಸಿ, ಇನ್ನೊಂದೇ ಸಲ ನೋಡಿ ಸಾರ್, ಗುಂಡುಕಲ್ಲಿನ ಹಾಗಿದಾಳೆ ಎಂದು ಕೇಳಿದ್ದ. ನಿಯಮ ಎಂದರೆ ನಿಯಮ ಎಂದಿದ್ದ ಇವನು. ಅಂದಿನಿಂದ ಅಂಗಡಿಯವನು ಜಗಳವಾಡಿರಲಿಲ್ಲ, ಬೈದಿರಲಿಲ್ಲ, ಡಾಕ್ಟರನ ಮೋಟಾರು ಬೈಕಿನ ಸದ್ದು ಕೇಳಿದರೆ ಸಾಕು, ಚಕ್ರದ ಕಡ್ಡಿಗಳನ್ನು ಎಣಿಸುವವನಂತೆ ತಲೆ ಬಗ್ಗಿಸುತ್ತಿದ್ದ. ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆಯಾದರೂ ಡಾಕ್ಟರು ಅಲ್ಲಿ ನಿಲ್ಲದೆ ಮುಂದಿನ ಬೀದಿಯವರೆಗೆ ತಳ್ಳಿಕೊಂಡು ಹೋಗಿದ್ದೂ ಉಂಟು. ಇವತ್ತು ಅಂಗಡಿ ಮುಚ್ಚಿತ್ತು. ಮುಚ್ಚಿದ್ದನ್ನು ನೋಡಿ ಮೊದಲು ಹಗುರವೆನಿಸಿತು, ಆಮೇಲೆ ಅಂಗಡಿಯವನು ಎಲ್ಲಿಗೆ ಹೋಗಿರಬಹುದೆಂದು ಹೊಳೆಯಿತು. ದಾರಿಯುದ್ದಕ್ಕೂ ಡಾಕ್ಟರು ಮಾತು ಜೋಡಿಸುತ್ತಿದ್ದ: ದೊಡ್ಡವಳದ್ದು ಖಚಿತ, ಚಿಕ್ಕವಳದ್ದು ಸ್ವಲ್ಪ ಅನುಮಾನ, ಸೀಸೆ ಒಡೆದಿತ್ತಂತೆ, ಇಲ್ಲ, ಸೋರಿತ್ತಂತೆ. ಸೋರಿತ್ತು ಎನ್ನುವುದು ಒಡೆದಿತ್ತು ಎನ್ನುವುದಕ್ಕಿಂತ ಕಡಿಮೆ ಸುಳ್ಳು ಎಂದು ಅವನಿಗೆ ಯಾಕೆ ಅನ್ನಿಸಿತೋ. ಅಕ್ಕನಿಗೆ ಇದ್ದ ಮೇಲೆ ತಂಗಿಗೂ ಇರಬಹುದಲ್ಲ, ತಾಯಿ ಒಂದೇ, ಕೊಟ್ಟಿಗೆ ಒಂದೇ, ಇದ್ದೇ ಇರುತ್ತದೆ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದಾಗೆಲ್ಲ ನೆಮ್ಮದಿಯಾಗುತ್ತಿತ್ತು, ಒಂದು ಹಸುವಿಗೆ ರೋಗ ಇರಲಿ ಎಂದು ಹಾರೈಸುತ್ತ ಬೈಕು ಓಡಿಸುವ ದನದ ಡಾಕ್ಟರು ಲೋಕದಲ್ಲಿ ತಾನೊಬ್ಬನೇ ಇರಬೇಕು ಎಂದುಕೊಂಡ.

ಲಾರಿ ಅವನಿಗಿಂತ ಮೊದಲೇ ಬಂದು ನಿಂತಿತ್ತು. ಬೇಲಿಯ ಉದ್ದಕ್ಕೂ ಜನ. ಗೇಟಿನ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದವನು ಸೈಕಲ್ ರಿಪೇರಿಯವನು, ಇವತ್ತು ತಲೆ ಬಗ್ಗಿಸಿರಲಿಲ್ಲ. ಡಾಕ್ಟರು ಗೇಟಿನಲ್ಲಿಟ್ಟಿದ್ದ ಬಾನಿಯ ಔಷಧಿ ನೀರಿಗೆ ಬೂಟು ಇಳಿಸಿ, ಬ್ರಷ್ಷು ತೆಗೆದುಕೊಂಡು, ಮೊದಲೇ ತೊಳೆದು ತಂದಿದ್ದ ಬೂಟನ್ನು ಮತ್ತೆ ಉಜ್ಜಿದ, ಹಿಮ್ಮಡಿ, ಅಂಚು, ಅಡಿಯ ಗೀರುಗಳನ್ನೆಲ್ಲ ಉಜ್ಜಿದ, ಉಜ್ಜುವಷ್ಟು ಹೊತ್ತು ಮಾತಾಡಬೇಕಾಗಿರಲಿಲ್ಲ. ಅಂಗಳದಲ್ಲಿ ಎರಡೂ ಹಸುಗಳನ್ನು ಕಟ್ಟಿದ್ದರು. ಬೆಳಕಿನಲ್ಲಿ ಅಕ್ಕಪಕ್ಕ ನೋಡಿದರೆ ಎಳೆ ಮಗುವೂ ಗುರುತಿಸುವಷ್ಟು ಬೇರೆಬೇರೆಯಾಗಿದ್ದವು. ದೊಡ್ಡವಳ ಡೋಲು ಇಳಿದು ಪಕ್ಕೆಲುಬು ಎದ್ದಿತ್ತು, ಹಿಂಗಾಲು ಒದ್ದೆಯಾಗಿತ್ತು, ಆದರೂ ಮುಂದಿದ್ದ ಹುಲ್ಲನ್ನು ಬಾಚಿ ಬಾಚಿ ತಿನ್ನುತ್ತಿದ್ದಳು. ಚಿಕ್ಕವಳು ಗಬ್ಬ ತುಂಬಿ, ಕೆಚ್ಚಲು ಇಳಿದು, ಎಣ್ಣೆ ಸವರಿದ ಹಾಗೆ ಮಿಂಚುತ್ತಿದ್ದಳು. ಇದನ್ನು ನೋಡಿ ಯಾರಿಗೂ ಏನೂ ಅನ್ನಿಸುವುದಿಲ್ಲವೇ ಎಂದುಕೊಂಡ. ಅನ್ನಿಸುವುದಾದರೂ ಹೇಗೆ, ಕಣ್ಣಿಗೆ ಕಾಣುವುದನ್ನು ನಂಬಬೇಡಿ, ಗುಂಡುಕಲ್ಲಿನ ಹಾಗಿದ್ದರೂ ಒಳಗೆ ಇರುತ್ತದೆ ಎಂದು ಊರಿಗೆಲ್ಲ ಪಾಠ ಹೇಳಿದವನು ತಾನೇ.

ದೊಡ್ಡಮ್ಮನ ಮಗ ಅವನಿಗಿಂತ ದೊಡ್ಡವನು. ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು. ಎದುರಿಗೆ ಬಂದವನು ಕೂರು ಎನ್ನಲಿಲ್ಲ. ಸಂಘದವರು ಬೆಳಗ್ಗೆಯೇ ಹೇಳಿದರು, ಎರಡೂ ಅಂತಲ್ಲ ಎಂದ. ಸೋರಿದ ಸೀಸೆಯ ಮಾತಿಗೆ ಇನ್ನು ಜಾಗವಿರಲಿಲ್ಲ. ಮಗ ಅವನ ತೋಳು ಹಿಡಿದು ಬೇಲಿಗೆ ಬೆನ್ನು ಮಾಡಿ ನಿಲ್ಲಿಸಿಕೊಂಡ.

“ದೊಡ್ಡವಳದ್ದು ಬಿಡು, ನಂಗೂ ಕಾಣಿಸ್ತಿದೆ. ಚಿಕ್ಕವಳನ್ನ ನೋಡು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಹಾಗಾಯ್ತು ಇದು. ಇನ್ನೊಂದ್ಸಲ ರಕ್ತ ತೆಗಿ. ನೀನು ಈ ಮನೆ ಅನ್ನ ತಿಂದೋನಲ್ವೇನೋ?”

ತೆಗಿ ಎಂದು ಅವನಾಗಿಯೇ ಕೇಳಿದ್ದ! ತಾನು ಹುಡುಕುತ್ತಿದ್ದ ಬಾಗಿಲನ್ನು ಬೇರೆಯವರು ತೆರೆದು ಹಿಡಿದಿದ್ದರು. ಹ್ಞೂಂ ಎಂದರೆ ಮುಗಿಯಿತು, ಬೆಳಗ್ಗೆ ಮೂರು ಸಲ ಎಷ್ಟು ಸಲೀಸಾಗಿ ಎಂದಿದ್ದ. ಸೀಸೆ ಚೀಲದಲ್ಲೇ ಇತ್ತು. ಚಿಕ್ಕವಳು ತಲೆಯೆತ್ತಿ ಅವನನ್ನು ನೋಡಿ, ನೋಡುವಂಥದ್ದೇನೂ ಇಲ್ಲವೆಂದು ಮತ್ತೆ ಹುಲ್ಲಿಗೆ ಬಾಯಿ ಹಾಕಿದಳು. ಬೆನ್ನ ಹಿಂದೆ ಬೇಲಿ ಪೂರ್ತಿ ಉಸಿರು ಹಿಡಿದಿತ್ತು. ತಿರುಗಿ ನೋಡದೆಯೂ ಸೈಕಲ್ ರಿಪೇರಿಯವನ ಕಣ್ಣು ತನ್ನ ಕುತ್ತಿಗೆಯ ಮೇಲೆ ಇರುವುದು ಗೊತ್ತಾಗುತ್ತಿತ್ತು. ಈಗ ತೆಗೆದರೆ ಅವನಿಗೇನು ಹೇಳುವುದು? ನಿನ್ನದು ಒಂದೇ ಹಸು, ನೀನು ನನಗೆ ಅನ್ನ ಹಾಕಿರಲಿಲ್ಲ, ಅದಕ್ಕೇ ಎನ್ನುವುದೇ? ಅವನ ಹಸುವೂ ಗುಂಡುಕಲ್ಲಿನ ಹಾಗಿತ್ತು. ಅದನ್ನು ಲಾರಿ ಹತ್ತಿಸುವಾಗ ಅವನು ಕೊರಳಗಂಟೆಯನ್ನು ಬಿಚ್ಚಿಕೊಳ್ಳಲು ಹೋಗಿ, ಗಂಟು ಬಿಚ್ಚಲು ಬಾರದೆ, ಎಲ್ಲರ ಮುಂದೆ ಹಲ್ಲಿನಿಂದ ಕಚ್ಚಿ ಎಳೆದಿದ್ದ. ಆದರೂ ಡಾಕ್ಟರು ಬಾಯಿ ತೆರೆದ. ತೆಗೆಯುತ್ತೇನೆ ಎಂದೇ ಹೇಳುವವನಿದ್ದ, ನಿಜವಾಗಿಯೂ ಹೇಳುವವನಿದ್ದ, ಇದನ್ನು ಅವನು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಅಷ್ಟರಲ್ಲಿ ದೊಡ್ಡಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಕಾಣಿಸಿಕೊಂಡು, ಬೇಡ, ಯಾರೂ ಏನೂ ತೆಗೆಯುವುದು ಬೇಡ ಎಂದಳು. ಅವನನ್ನು ಒಳಗೆ ಕರೆದಳು. ಅವನು ಬೂಟು ನೋಡಿಕೊಂಡ. ಇನ್ನು ಇಲ್ಲಿ ಕಾಯುವುದಕ್ಕೆ ಏನಿದೆ, ಬಾ ಎಂದಳು.

ಕೊಟ್ಟಿಗೆಯನ್ನು ಆಗಲೇ ತೊಳೆದು ಸುಣ್ಣ ಎರಚಿದ್ದಳು. ಗೋದಲಿಯಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಓದುವ ಕಾಲದಲ್ಲಿ ಅವನು ಈ ಗೋದಲಿಯ ಕಟ್ಟೆಯ ಮೇಲೆ ಕೂತು ಉರು ಹೊಡೆಯುತ್ತಿದ್ದ, ಎಷ್ಟು ಹೊಡೆದರೂ ತಲೆಗೆ ಹತ್ತುತ್ತಿರಲಿಲ್ಲ. ಹುಡುಗ ಒಳ್ಳೆಯವನೇ, ಆದರೆ ಕೈಲಾಗದವನು ಎಂದು ದೊಡ್ಡಮ್ಮ ಬಂದವರಿಗೆಲ್ಲ ಅವನ ಎದುರೇ ಹೇಳುತ್ತಿದ್ದಳು, ಬೈಗುಳವಾಗಿಯಲ್ಲ, ಮನೆಯಲ್ಲಿ ಬೆಲ್ಲ ಮುಗಿದಿದೆ ಎನ್ನುವ ಧಾಟಿಯಲ್ಲಿ. ಅವನು ಡಾಕ್ಟರಾದ ಮೇಲೂ, ದನದ್ದೇ ಆದರೂ ಡಾಕ್ಟರೇ ಅಲ್ಲವೇ ಎಂದು ಅವಳೇ ಅವನ ಪರವಾಗಿ ಸಮಜಾಯಿಷಿ ಕೊಡುತ್ತಿದ್ದಳು. ಈಗ ಅವಳು ಎದುರಿಗೆ ನಿಂತು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅವಳ ಕಣ್ಣು ಊದಿತ್ತು, ಆದರೆ ಅದರೊಳಗೆ ಅಳುವಿಗಿಂತ ಬೇರೆಯಾದದ್ದೇನೋ ಇತ್ತು. ಅದೇನೆಂದು ಅವನಿಗೆ ಮೊದಲು ತಿಳಿಯಲಿಲ್ಲ. ಯಾಕೆಂದರೆ ಅವನನ್ನು ಹಾಗೆ ಯಾರೂ ಯಾವತ್ತೂ ನೋಡಿರಲಿಲ್ಲ.

“ನಾನು ನಿಮಗೆ ಮೋಸ ಮಾಡಿದ್ದೆ,” ಎಂದಳು. “ಅವತ್ತು ಚಿಕ್ಕವಳನ್ನ ಹೊರಗೆ ತರಲೇ ಇಲ್ಲ. ದೊಡ್ಡವಳನ್ನೇ ಎರಡು ಸಲ ತಂದೆ, ಮುಖಕ್ಕೆ ಚೀಲ ಮುಚ್ಚಿ. ನಿಮಗೆ ಗೊತ್ತಾಗಲಿಲ್ಲ.”

‘ನೀವು’ ಎನ್ನುತ್ತಿದ್ದಳು. ಜನರ ಮುಂದೆ ಡಾಕ್ಟ್ರೇ ಎಂದು ಕರೆದದ್ದುಂಟು, ಅದು ತಮಾಷೆಗೆ. ಇಲ್ಲಿ ಜನ ಯಾರೂ ಇರಲಿಲ್ಲ.

“ನಿಮ್ಮ ಕಣ್ಣಿಗೆ ಗೊತ್ತಾಗಲಿಲ್ಲ. ಆದ್ರೆ ನಿಮ್ಮ ಪರೀಕ್ಷೆಗೆ ಗೊತ್ತಾಯ್ತಲ್ಲ! ನಾನು ಮುಚ್ಚಿಟ್ಟವಳನ್ನೂ ಹಿಡಿದುಬಿಡ್ತಲ್ಲ. ಬೆಳಗ್ಗೆಯಿಂದ ನಂಗೆ ಮೈ ನಡುಗ್ತಾ ಇದೆ. ಇಂಥಾ ವಿದ್ಯೆ ಅಂತ ನಂಗೆ ಗೊತ್ತಿರಲಿಲ್ಲ. ನಾನು ನಿಮ್ಮನ್ನ ಏನೋ ಅಂದ್ಕೊಂಡಿದ್ದೆ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನೋಡಿ ನಗುತ್ತಿದ್ದವಳು ಇವಳೇ. ಅವನಿಗೂ ಮೊದಲು ನಗುವೇ ಬಂತು, ಬಂದದ್ದು ಕೆಮ್ಮಾಗಿ ಹೊರಗೆ ಬಿತ್ತು. ಹೇಳಬೇಕಾದದ್ದು ಬಹಳ ಇರಲಿಲ್ಲ. ದೊಡ್ಡಮ್ಮ, ಎರಡು ಸೀಸೆಯಲ್ಲೂ ದೊಡ್ಡವಳ ರಕ್ತವೇ ಇದ್ದ ಮೇಲೆ ಎರಡರಲ್ಲೂ ರೋಗ ಬರದೆ ಇನ್ನೇನು ಬರುತ್ತದೆ, ಚಿಕ್ಕವಳ ಸಂಗತಿ ಯಾರಿಗೂ ಗೊತ್ತಿಲ್ಲ. ಇಷ್ಟೇ. ಸೈಕಲ್ ರಿಪೇರಿಯವನಿಗೂ ಅಡ್ಡಿಯಿರಲಿಲ್ಲ ಇದರಲ್ಲಿ, ಇದು ಎರಡನೇ ಸಲವಲ್ಲ, ಚಿಕ್ಕವಳಿಗೆ ಇದು ಮೊದಲನೇ ಸಲ. ನಿಯಮ ಮುರಿಯದು, ಹಸು ಉಳಿಯಬಹುದು, ಉಳಿಯದಿದ್ದರೂ ತನ್ನದೇ ರಕ್ತದ ಫಲಿತಾಂಶಕ್ಕೆ ಹೋದ ಹಾಗಾಗುತ್ತದೆ. ಎಲ್ಲವೂ ಹೀಗೆ ನೆಟ್ಟಗೆ ಜೋಡಿಸಿಕೊಂಡು ಬಂದು ನಿಂತಿದ್ದಾಗ ಅವನು ಅವಳ ಮುಖ ನೋಡಿದ, ನೋಡಬಾರದಿತ್ತು. ಹೇಳಿದರೆ ಆ ಮುಖ ಮೊದಲಿನದಾಗುತ್ತದೆ. ‘ನೀವು’ ಹೋಗಿ ‘ನೀನು’ ಬರುತ್ತದೆ. ಆಮೇಲೆ ಅವಳು ನಿಧಾನಕ್ಕೆ ಕೇಳುತ್ತಾಳೆ, ನಿನಗೆ ಅವತ್ತೇ ಗೊತ್ತಿತ್ತೇನೋ? ಗೊತ್ತಿದ್ದೂ ನನ್ನ ಚಿಕ್ಕವಳನ್ನು ಲಾರಿಯವರೆಗೆ ಬರಲು ಬಿಟ್ಟೆಯಾ? ಮತ್ತೆ, ಇದನ್ನು ಒಪ್ಪಿಕೊಳ್ಳುವುದು ಅವನಿಗೆ ನಾಚಿಕೆಗೇಡಾಗಿತ್ತು, ಆ ‘ನೀವು’ ಅವನಿಗೆ ಸಿಹಿಯಾಗಿತ್ತು. ಕೈಲಾಗದವನು ಕೈಲಾದವನಾಗಿ ನಿಂತಿದ್ದ, ಇನ್ನೊಂದು ಗಳಿಗೆ ಹಾಗೆಯೇ ನಿಂತಿರೋಣ, ಆಮೇಲೆ ಹೇಳಿದರಾಯಿತು ಎಂದುಕೊಂಡ.

“ರಕ್ತ ಸುಳ್ಳು ಹೇಳಲ್ಲ ದೊಡ್ಡಮ್ಮ,” ಎಂದ.

ತನ್ನ ದನಿ ಹಜಾರದಲ್ಲಿ ಮಾತಾಡಿದವನ ದನಿಯಾಗಿತ್ತು. ಅವಳು ತಲೆದೂಗಿ, ಸೆರಗು ಸಿಕ್ಕಿಸಿಕೊಂಡು, ಅವನು ಕೈ ಚಾಚುವುದರೊಳಗೆ ಅಂಗಳಕ್ಕೆ ಇಳಿದಿದ್ದಳು. ಬೇಲಿಯ ಹತ್ತಿರ ಹೋಗಿ ನಿಂತು ಎಲ್ಲರಿಗೂ ಕೇಳುವ ಹಾಗೆ ತಾನು ಮಾಡಿದ್ದನ್ನು ಹೇಳಿದಳು, ಗೋಣಿಚೀಲವನ್ನೂ ಬಿಡದೆ. ಮಗ ತಲೆಯ ಮೇಲೆ ಕೈ ಹೊತ್ತು ಕುಕ್ಕರುಗಾಲಲ್ಲಿ ಕೂತ. ಯಾರೂ ನಗಲಿಲ್ಲ. ಯಾರಾದರೂ ಒಬ್ಬರು, ಅಲ್ಲ ಅಜ್ಜಿ, ಒಂದೇ ಹಸುವಿನ ರಕ್ತ ಎರಡು ಕಡೆ ಒಂದೇ ಥರ ತಾನೇ ಬರುವುದು ಎಂದು ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಡಾಕ್ಟರು ಕಾದ. ಕೇಳಲಿ ಎಂದು ಬೇಡಿಕೊಂಡ. ಯಾರೂ ಕೇಳಲಿಲ್ಲ. ಸೋತ ಮುದುಕಿಯ ಬಾಯಿಂದ ಬಂದ ಮಾತನ್ನು ಲೆಕ್ಕ ಹಾಕಿ ನೋಡುವವರು ಯಾರು. ಬೇಲಿಯ ಆ ತುದಿಯಲ್ಲಿದ್ದ ಒಬ್ಬ, ತಾನು ಎರಡು ಮೇಕೆಗಳನ್ನು ನೆಂಟರ ಮನೆಗೆ ದಾಟಿಸಿದ್ದೇನೆ, ಸಂಜೆಯೊಳಗೆ ತರುತ್ತೇನೆ ಎಂದ. ಇನ್ನೊಬ್ಬಳು ಕರುವನ್ನು ಬೇರೆ ಕಟ್ಟಿದ್ದೇನೆ ಎಂದು ಹೇಳಿದ್ದು ಸುಳ್ಳು ಎಂದಳು. ಹಜಾರದ ಭಾಷಣದಿಂದ ಆಗದಿದ್ದದ್ದು ಕಣ್ಣೆದುರೇ ಆಗುತ್ತಿತ್ತು. ಈ ಊರಿನಿಂದ ರೋಗ ಹೋಗುವುದಾದರೆ ಇವತ್ತಿನಿಂದಲೇ ಹೋಗುತ್ತದೆ ಎಂದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಸೈಕಲ್ ರಿಪೇರಿಯವನು ಗೇಟು ದಾಟಿ ಬಂದ. ಬಾನಿಯಲ್ಲಿ ಕಾಲದ್ದಿಯೇ ಬಂದ.

“ನಮ್ಮ ಹಸೂನ ಪರೀಕ್ಷೇನೂ ಸರಿಯಾಗೇ ಇತ್ತು ಹಾಗಾದ್ರೆ,” ಎಂದ. “ಸುಮ್ನೆ ಕೊಂದ್ರೇನೋ ಅಂತ ನಿದ್ದೆ ಇರಲಿಲ್ಲ ಸಾರ್. ಇವತ್ತು ಮಲಗ್ತೀನಿ.”

ಅವನ ಕಣ್ಣಲ್ಲಿ ನೀರಿತ್ತು. ಡಾಕ್ಟರು ಅವನ ಭುಜ ತಟ್ಟಿದ, ತಟ್ಟಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಅಷ್ಟರಲ್ಲಿ ದೊಡ್ಡವಳನ್ನು ಹತ್ತಿಸಿ ಆಗಿತ್ತು. ಚಿಕ್ಕವಳು ಹಲಗೆಯ ಮುಂದೆ ಕಾಲೂರಿ ನಿಂತಳು. ಲಾರಿಯವನು ಕೋಲೆತ್ತಿದ. ದೊಡ್ಡಮ್ಮ ಅವನ ಕೈಯಿಂದ ಕೋಲು ಕಿತ್ತು ಬಿಸಾಕಿ, ತಾನೇ ಮೊದಲು ಹಲಗೆ ಹತ್ತಿದಳು. ಅವಳ ಹಿಂದೆ ಹಸು ಕೊಟ್ಟಿಗೆಗೆ ಹೋಗುವ ಹಾಗೆ ಹೋಯಿತು. ಈಗ ಹೇಳಬೇಕು, ಹಿಂಬಾಗಿಲು ಹಾಕುವ ಮೊದಲು ಎಂದುಕೊಂಡ. ದೊಡ್ಡಮ್ಮ ಇಳಿದಳು, ಹಿಂಬಾಗಿಲು ಹಾಕಿದರು. ಲಾರಿ ಶುರುವಾಗುವ ಮೊದಲು ಎಂದುಕೊಂಡ. ತಿರುವಿನಲ್ಲಿ ಬ್ರೇಕು ಹಾಕಿದಾಗ ಓಡಿದರೂ ಸಿಗುತ್ತಿತ್ತು. ಜನ ಚದುರಿದರು, ಒಬ್ಬಿಬ್ಬರು ಹೋಗುವ ಮೊದಲು ಅವನಿಗೆ ಕೈ ಮುಗಿದರು. ಮಗ ಒಳಗೆ ಹೋದ.

ದೊಡ್ಡಮ್ಮ ಅಂಗಳದಲ್ಲಿ ಖಾಲಿ ಹಗ್ಗಗಳನ್ನು ಮೊಣಕೈಗೆ ಸುತ್ತಿಕೊಳ್ಳುತ್ತಿದ್ದಳು. ಸುತ್ತುವುದನ್ನು ನಿಲ್ಲಿಸಿ, ಅವನ ಮುಖ ನೋಡದೆ, ಬಹಳ ಸಣ್ಣ ದನಿಯಲ್ಲಿ ಕೇಳಿದಳು:

“ಹೊಟ್ಟೇಲಿದ್ದದ್ದಕ್ಕೂ ಬಂದಿತ್ತಾ?”

“ಬಂದಿತ್ತು,” ಎಂದ ಅವನು, ತಡಮಾಡದೆ.

“ಸದ್ಯ,” ಎಂದಳು ದೊಡ್ಡಮ್ಮ. ಉಳಿದ ಹಗ್ಗವನ್ನೂ ಸುತ್ತಿಕೊಂಡು, ಅವನಿಗೆ ಚಹಾ ಮಾಡಲು ಒಳಗೆ ಹೋದಳು.